ಹಾಸನ, ಚಿಕ್ಕಮಗಳೂರು ಕಡೆಯವರಿಗೆ: ವಿಚ್ಛೇದನ, ಮಗುವಿನ ಕಸ್ಟಡಿ, ಜೀವನಾಂಶ – ಕಾಗದ ಎಲ್ಲೆಲ್ಲಿ ಕೈಕೊಡುತ್ತೆ?

ಕಟಕಟೆ

ಒಂದೇ ಪ್ರಶ್ನೆ ಹತ್ತು ಕಡೆ ಬರ್ತಿರೋದ್ರಿಂದ ಎಲ್ಲವನ್ನೂ ಇಲ್ಲಿಗೇ ತರೋಣ. ಶುರುವಿಗೇ ಒಂದು ಕಟ್ಟುಪಾಡು: ಹೆಸರು, ಮನೆತನ, ಕೇಸ್ ನಂಬರ್, ಆದೇಶದ ಫೋಟೊ ಯಾರೂ ಹಾಕಬೇಡಿ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ಈ ಕಲಾಪ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ವಿವರ ಪ್ರಕಟಿಸಿದವರಿಗೆ 1000 ರೂಪಾಯಿವರೆಗೆ ದಂಡ. ದಂಡ ಸಣ್ಣದೇ, ಆದರೆ ಮಗುವಿನ ಶಾಲೆಯ ವಾಟ್ಸಾಪ್ ಗ್ರೂಪಿಗೆ ಒಮ್ಮೆ ಹೋದ ಫೋಟೊ ವಾಪಸ್ ಬರಲ್ಲ.

ಮೊದಲು, ಅರ್ಜಿ ಎಲ್ಲಿ ಹಾಕೋದು. 19ನೇ ಕಲಮಿನಲ್ಲಿ ಮುಖ್ಯವಾಗಿ ನಾಲ್ಕು ಜಾಗ ಬರುತ್ತೆ. ಮದುವೆ ನಡೆದ ಊರು, ಎದುರುದಾರರು ಈಗಿರುವ ಊರು, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರು, ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಈಗಿರುವ ಊರು. ಕೊನೆಯದು 2003ರಲ್ಲಿ ಸೇರಿದ್ದು. ಗಂಡ ಬೆಂಗಳೂರಲ್ಲಿ ಕೆಲಸದಲ್ಲಿದ್ದು ಹೆಂಡತಿ ಮೂಡಿಗೆರೆಯ ತವರಲ್ಲಿದ್ದರೆ ಅವಳು ಬೆಂಗಳೂರಿಗೆ ಅಲೆಯಬೇಕಿಲ್ಲ. ಅದೇ ಗಂಡನೇ ಅರ್ಜಿ ಹಾಕೋದಾದರೆ ಮೊದಲ ಮೂರರಲ್ಲೇ ಆರಿಸಿಕೊಳ್ಳಬೇಕು.

ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಕುಟುಂಬ ನ್ಯಾಯಾಲಯ ಇದೆ. ಆದರೆ ಎಷ್ಟೋ ತಾಲ್ಲೂಕುಗಳಲ್ಲಿ ಎಂ.ಸಿ. (ವೈವಾಹಿಕ) ಕೇಸುಗಳು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆಯೇ ನಡೆಯುತ್ತವೆ. ಅರ್ಜಿ ಟೈಪ್ ಮಾಡಿಸುವ ಮೊದಲು ಫೈಲಿಂಗ್ ಕೌಂಟರಿನಲ್ಲಿ ಒಂದು ಮಾತು ಕೇಳಿ. ತಲೆಬರಹದಲ್ಲಿ ಕೋರ್ಟಿನ ಹೆಸರು ತಪ್ಪಿದರೆ ಆಫೀಸ್ ಆಕ್ಷೇಪಣೆಯಲ್ಲೇ ಒಂದು ವಾಯಿದೆ ಹೋಗುತ್ತೆ.

ತೆಂಗಿನ ಸೀಮೆ

ಇದಕ್ಕೊಂದು ಸೇರ್ಪಡೆ. ನಮ್ಮ ಕಡೆ ಧರ್ಮಸ್ಥಳದಲ್ಲಿ ಮದುವೆ ಆದವರು ಬೇಕಾದಷ್ಟು ಜನ ಇದ್ದಾರೆ. ಅವರು 'ಮದುವೆ ನಡೆದ ಜಾಗ'ದ ಆಧಾರ ಹಿಡಿದರೆ ಬೀಳೋದು ದಕ್ಷಿಣ ಕನ್ನಡದ ವ್ಯಾಪ್ತಿಗೆ, ಹಾಸನಕ್ಕಲ್ಲ. ಆರತಕ್ಷತೆ ಅರಸೀಕೆರೆಯ ಛತ್ರದಲ್ಲಾಯ್ತು ಅಂದರೆ ಅದು ಮದುವೆ ಜಾಗ ಆಗಲ್ಲ, ಧಾರೆ ಎಲ್ಲಾಯ್ತೋ ಅದೇ. ಅಂಥವರು 'ಕೊನೆಗೆ ಒಟ್ಟಿಗಿದ್ದ ಮನೆ'ಯನ್ನು ಆಧಾರ ಮಾಡಿಕೊಳ್ಳೋದು ಸಲೀಸು. ಬಾಡಿಗೆ ಕರಾರು, ಗ್ಯಾಸ್ ಪುಸ್ತಕ, ರೇಷನ್ ಕಾರ್ಡು, ಯಾವುದಾದರೂ ಒಂದು ವಿಳಾಸದ ದಾಖಲೆ ಜೊತೆಗಿರಲಿ.

ಮದುವೆ ನೋಂದಣಿ ಆಗಿಲ್ಲ ಅಂತ ಗಾಬರಿ ಬೇಡ. ಲಗ್ನಪತ್ರಿಕೆ, ಧಾರೆಯ ಫೋಟೊ, ದೇವಸ್ಥಾನದ ರಸೀದಿ ಸಾಕಾಗುತ್ತೆ. ಪತ್ರಿಕೆಯಲ್ಲಿ ಮುದ್ರಿಸಿದ ಹೆಸರಿಗೂ ಆಧಾರ್ ಹೆಸರಿಗೂ ಹೊಂದಿಕೆ ಇರಲ್ಲ; 'ಉರುಫ್' ಅಂತ ಅರ್ಜಿಯ ತಲೆಬರಹದಲ್ಲೇ ಎರಡನ್ನೂ ಬರೆಸಿ.

ಕಾಫಿಹೂವು

ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಬರೆದುಕೊಂಡ 'ಬಿಡುಗಡೆ ಪತ್ರ' ನಡೆಯುತ್ತಾ? ಊರ ಹಿರಿಯರು ಸಹಿ ಹಾಕಿರ್ತಾರೆ, ಇಬ್ಬರೂ ಒಪ್ಪಿರ್ತಾರೆ.

ಕಟಕಟೆ

ನಡೆಯಲ್ಲ. ನೋಟರಿಗೆ ಮದುವೆ ಮುರಿಯುವ ಅಧಿಕಾರ ಇಲ್ಲ, ಪಂಚಾಯ್ತಿಕಟ್ಟೆಗೂ ಇಲ್ಲ. 29(2)ನೇ ಕಲಂ ರೂಢಿಗತ ವಿಚ್ಛೇದನವನ್ನು ಉಳಿಸಿಕೊಂಡಿರೋದು ನಿಜ. ಆದರೆ 'ನಮ್ಮ ಜಾತಿಯಲ್ಲಿ ಈ ರೂಢಿ ಹಿಂದಿನಿಂದಲೂ ಬಿಡದೆ ನಡೆದುಬಂದಿದೆ' ಅಂತ ಸಾಕ್ಷಿ ಸಮೇತ ಸಾಬೀತು ಮಾಡುವ ಹೊಣೆ ಹೇಳಿದವರದ್ದೇ. ಬರೀ ಆ ಪತ್ರ ನಂಬಿ ಎರಡನೇ ಮದುವೆ ಆದರೆ ಎರಡನೆಯದು ಅಸಿಂಧು, ಮೇಲೆ ದ್ವಿಪತ್ನಿತ್ವದ ಕೇಸು. ಪೆಟ್ಟು ಬೀಳೋದು ಹೆಚ್ಚಾಗಿ ಎರಡನೇ ಹೆಂಡತಿಗೆ: ಪಿಂಚಣಿ, ಅನುಕಂಪದ ನೌಕರಿ ಅಂತ ಹೋದಾಗ ಆ ಪತ್ರವನ್ನು ಯಾರೂ ಕೈಯಲ್ಲೂ ಮುಟ್ಟಲ್ಲ.

ಆದರೂ ಆ ಪತ್ರ ಹರಿದು ಹಾಕಬೇಡಿ. ಯಾವ ದಿನದಿಂದ ಬೇರೆ ಇದ್ದಾರೆ ಅನ್ನೋದಕ್ಕೆ ಅದು ಒಳ್ಳೇ ದಾಖಲೆ. 13-ಬಿ ಅರ್ಜಿಗೆ ಅದೇ ತಾರೀಖು ಬೇಕಾಗುತ್ತೆ.

ದಾಖಲೆ ಪೆಟ್ಟಿಗೆ

ಹಾಗಾದರೆ 13-ಬಿ, ಅಂದರೆ ಪರಸ್ಪರ ಒಪ್ಪಿಗೆಯ ದಾರಿಯನ್ನು ಪೂರ್ತಿ ಬರೀತೀನಿ.

ಕನಿಷ್ಠ 1 ವರ್ಷ ಬೇರೆ ಇರಬೇಕು. 'ಬೇರೆ' ಅಂದರೆ ಬೇರೆ ಮನೆ ಅಂತಲೇ ಅಲ್ಲ, ಗಂಡಹೆಂಡಿರಾಗಿ ಬಾಳುತ್ತಿಲ್ಲ ಅಂತ. 1991ರ ಸುರೇಷ್ಟಾ ದೇವಿ ತೀರ್ಪು ಇದನ್ನು ಸ್ಪಷ್ಟ ಮಾಡಿದೆ. ಇಬ್ಬರೂ ಸೇರಿ ಒಂದೇ ಅರ್ಜಿ, ಇಬ್ಬರದೂ ಪ್ರತ್ಯೇಕ ಪ್ರಮಾಣಪತ್ರ (ಅಫಿಡವಿಟ್), ಇಬ್ಬರ ಗುರುತು, ವಿಳಾಸದ ದಾಖಲೆ, ಮದುವೆ ಸಾಕ್ಷ್ಯ, ಮಕ್ಕಳ ಜನನ ಪ್ರಮಾಣಪತ್ರ. ಅದಾದ ಮೇಲೆ 6 ತಿಂಗಳು ಕಳೆದು, 18 ತಿಂಗಳು ಮೀರುವ ಮುಂಚೆ ಇಬ್ಬರೂ ಮತ್ತೆ ಹಾಜರಾಗಿ ಒಪ್ಪಿಗೆ ಹೇಳಬೇಕು. ಅದು ಎರಡನೇ ಹಂತ. ಅಲ್ಲಿಯವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು.

ಇಲ್ಲಿ ಕೆಡೋದು ತಾರೀಖು. ಅರ್ಜಿಯಲ್ಲಿ '2 ವರ್ಷದಿಂದ ಬೇರೆ' ಅಂತ ಬರೆದಿರ್ತಾರೆ, ಮಗುವಿಗೆ 10 ತಿಂಗಳು. ಇಲ್ಲವೇ ಠಾಣೆಯ ದೂರಿನಲ್ಲಿ ಹೋದ ಯುಗಾದಿವರೆಗೂ ಒಟ್ಟಿಗಿದ್ದೆವು ಅಂತ ಇರುತ್ತೆ. ನ್ಯಾಯಾಧೀಶರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ. ಹಾಗಾಗಿ ಒಂದು ಹಾಳೆಯಲ್ಲಿ ಮದುವೆ, ಹೆರಿಗೆ, ತವರಿಗೆ ಬಂದದ್ದು, ದೂರು, ರಾಜಿ ಪಂಚಾಯ್ತಿ ಎಲ್ಲದರ ತಾರೀಖನ್ನೂ ಸಾಲಾಗಿ ಬರೆದು ವಕೀಲರಿಗೆ ಮೊದಲೇ ಕೊಡಿ.

ಮಲ್ನಾಡ್ ಮಳೆ

6 ತಿಂಗಳು ಕಾಯಲೇಬೇಕು ಅಂತೇನಿಲ್ಲವಲ್ಲ? ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದೆ ಅಂತ ಎಲ್ಲರೂ ಹೇಳ್ತಾರೆ.

ದಾಖಲೆ ಪೆಟ್ಟಿಗೆ

ತೆಗೆದುಹಾಕಿಲ್ಲ ಮಾರಾಯ್ರೆ, ಸಡಿಲ ಮಾಡಿದೆ. 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ಷರತ್ತು ನೋಡಿ: ಮೊದಲ ಅರ್ಜಿ ಹಾಕುವ ಹೊತ್ತಿಗೇ 1 ವರ್ಷದ ಮೇಲೆ ಇನ್ನೂ 6 ತಿಂಗಳು ಬೇರೆ ಇದ್ದಿರಬೇಕು, ಅಂದರೆ ಒಟ್ಟು 18 ತಿಂಗಳು. ರಾಜಿ ಪ್ರಯತ್ನಗಳೆಲ್ಲ ಸೋತಿರಬೇಕು. ಜೀವನಾಂಶ, ಮಗು, ಉಳಿದ ತಕರಾರು ನಿಜವಾಗಿ ಇತ್ಯರ್ಥ ಆಗಿರಬೇಕು. ಇನ್ನೂ ಕಾದರೆ ಸಂಕಟ ಬೆಳೆಯುತ್ತೆ ಅಷ್ಟೇ ಅಂತ ಕಾಣಬೇಕು. ಮೊದಲ ಹಂತ ಆಗಿ ಒಂದು ವಾರದ ಮೇಲೆ ವಿನಾಯಿತಿಗೆ ಐ.ಎ. (ಮಧ್ಯಂತರ ಅರ್ಜಿ) ಹಾಕಬಹುದು. ಕೊಡೋದು ಬಿಡೋದು ನ್ಯಾಯಾಧೀಶರ ವಿವೇಚನೆ. 'ಮಗುವಿನ ವಿಷಯ ಮುಂದೆ ನೋಡಿಕೊಳ್ತೇವೆ' ಅನ್ನೋ ಸಾಲು ಒಪ್ಪಂದದಲ್ಲಿದ್ದರೆ ಈ ವಿನಾಯಿತಿ ಕಷ್ಟ.

ಕಟಕಟೆ

'ಒಡೆದು ಹೋದ ಮದುವೆ' ಅನ್ನೋದರ ಬಗ್ಗೆಯೂ ಇದೇ ಥರದ ಗೊಂದಲ ಇದೆ. 2023ರ ಶಿಲ್ಪಾ ಶೈಲೇಶ್ ತೀರ್ಪು ಬಂದ ಮೇಲೆ, ಮದುವೆ ಸತ್ತುಹೋಗಿದೆ ಅಂದರೆ ಸಾಕು ಡೈವೋರ್ಸ್ ಸಿಗುತ್ತೆ ಅಂತ ಮಾತು ಹಬ್ಬಿತು. ಅದು ಸಂವಿಧಾನದ 142ನೇ ವಿಧಿ, ಸುಪ್ರೀಂ ಕೋರ್ಟಿನ ಕೈಯಲ್ಲಿರೋದು. ಹಾಸನದ ಕೋರ್ಟಿಗೆ 13ನೇ ಕಲಮಿನ ಆಧಾರವೇ ಬೇಕು: ಕ್ರೌರ್ಯ, ಅರ್ಜಿಗೆ ಮೊದಲು ಬಿಡುವಿಲ್ಲದೆ 2 ವರ್ಷ ತೊರೆದದ್ದು, ವ್ಯಭಿಚಾರ, ಇತ್ಯಾದಿ. ಮದುವೆಯಾಗಿ 1 ವರ್ಷ ಆಗುವ ಮುಂಚೆ ವಿಚ್ಛೇದನದ ಅರ್ಜಿಯೇ ಹಾಕುವಂತಿಲ್ಲ. ಅಸಾಧಾರಣ ಕಷ್ಟ ಇದ್ದರೆ 14ನೇ ಕಲಮಿನಡಿ ಅನುಮತಿ ಕೇಳಬೇಕು.

ಕ್ರೌರ್ಯ ಅಂತ ಹಾಕುವವರು 'ಮಾನಸಿಕ ಹಿಂಸೆ ಕೊಡುತ್ತಿದ್ದರು' ಅಂತ ಒಂದೇ ಸಾಲು ಬರೆಸ್ತಾರೆ. ಅದು ಸಾಕಾಗಲ್ಲ. ಯಾವಾಗ, ಎಲ್ಲಿ, ಏನಾಯ್ತು, ಯಾರಿದ್ದರು, ಆಮೇಲೆ ಆಸ್ಪತ್ರೆಗೆ ಹೋದರಾ, ಯಾರಿಗೆ ಹೇಳಿಕೊಂಡರು, ಇಷ್ಟೂ ಇರಬೇಕು. ಮೂರ್ನಾಲ್ಕು ಘಟನೆ ಗಟ್ಟಿಯಾಗಿ ನಿಂತರೆ ಮೂವತ್ತು ಆರೋಪಕ್ಕಿಂತ ಮೇಲು. ಅರ್ಜಿಯಲ್ಲಿ ಇಲ್ಲದ ಘಟನೆಯನ್ನು ಸಾಕ್ಷಿಕಟ್ಟೆಯಲ್ಲಿ ಹೊಸದಾಗಿ ತಂದರೆ ಪಾಟೀಸವಾಲಿನಲ್ಲಿ ಅದೇ ಮೊದಲು ಬೀಳುತ್ತೆ.

ಹೇಮಾವತಿ ದಂಡೆ

ಮೊಬೈಲ್ ರೆಕಾರ್ಡಿಂಗ್ ನಡೆಯುತ್ತಾ?

ಕಟಕಟೆ

ಗಂಡ ಹೆಂಡತಿ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದು ಅನ್ನೋ ಕಾರಣಕ್ಕೇ ತಳ್ಳಿಹಾಕುವಂತಿಲ್ಲ ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ವಿಭೋರ್ ಗರ್ಗ್ ಪ್ರಕರಣ. ಕುಟುಂಬ ನ್ಯಾಯಾಲಯ ಕಾಯ್ದೆಯ 14ನೇ ಕಲಮೂ ಸಾಕ್ಷ್ಯದ ವಿಷಯದಲ್ಲಿ ಸಾಕಷ್ಟು ಸಡಿಲ. ಆದರೂ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಲಿ. ಹಳೆಯ ಸಾಕ್ಷ್ಯ ಕಾಯ್ದೆಯ 65-ಬಿ ನಮೂನೆ ಅಲ್ಲ. ಈಗ ಎರಡು ಭಾಗ: ಒಂದು ಸಾಧನ ಯಾರ ಕೈಲಿತ್ತೋ ಅವರದ್ದು, ಇನ್ನೊಂದು ತಜ್ಞರದ್ದು, ಜೊತೆಗೆ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಸಂಕೇತ). ಮೂಲ ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ತುಂಡು ತುಂಡು ಕತ್ತರಿಸಿದ ಆಡಿಯೊ ಕೊಟ್ಟರೆ ಕತ್ತರಿಸಿದ ಭಾಗದಲ್ಲಿ ಏನಿತ್ತು ಅನ್ನೋದೇ ಮೊದಲ ಪ್ರಶ್ನೆ.

ಮಗುವಿನ ಬಾಯಲ್ಲಿ ಹೇಳಿಸಿ ರೆಕಾರ್ಡ್ ಮಾಡೋದನ್ನು ಮಾತ್ರ ದಯವಿಟ್ಟು ಬಿಡಿ. ಅದು ಮಾಡಿಸಿದವರಿಗೇ ತಿರುಗುಬಾಣ.

ಪಹಣಿ ಪುಟ

ಜೀವನಾಂಶಕ್ಕೆ ಬರೋಣ. ನಮ್ಮ ಎರಡು ಜಿಲ್ಲೆಯಲ್ಲಿ ನಿಜವಾದ ತಿಕ್ಕಾಟ ಇರೋದೇ ಇಲ್ಲಿ, ಯಾಕಂದರೆ ಸಂಬಳದ ಚೀಟಿ ಇರಲ್ಲ, ತೋಟ ಇರುತ್ತೆ.

2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಎರಡೂ ಕಡೆಯವರು ಆಸ್ತಿ-ಹೊಣೆಗಾರಿಕೆಯ ಪ್ರಮಾಣಪತ್ರ ಹಾಕಲೇಬೇಕು. ಬಹಳ ಜನ ಗಮನಿಸದೇ ಇರೋದು ಏನಂದರೆ, ಕೃಷಿಕರಿಗೆ ಅದರಲ್ಲಿ ಬೇರೆಯದೇ ನಮೂನೆ ಇದೆ. ಒಟ್ಟು ಜಮೀನು, ಅದರಲ್ಲಿ ಪಾಲು, ತರಿಯೋ ಖುಷ್ಕಿಯೋ, ಯಾವ ಬೆಳೆ, ಜಾನುವಾರು, ಸಾಲ ಎಲ್ಲ ಅದರಲ್ಲಿ ಕೇಳ್ತಾರೆ. ನೌಕರರ ನಮೂನೆಯಲ್ಲಿ ತೋಟದವರು ಭರ್ತಿ ಮಾಡಿದರೆ 'ಸಂಬಳ: ಇಲ್ಲ' ಅಂತ ಬರೆದು ಮುಗಿಸಿಬಿಡ್ತಾರೆ. ಅದಕ್ಕೆ ಲಿಖಿತ ಆಕ್ಷೇಪಣೆ ಹಾಕಿ, ಕೃಷಿ ನಮೂನೆಯಲ್ಲೇ ಕೊಡಲಿ ಅಂತ ಕೇಳಿ.

ಇನ್ನು ಕಾಫಿ. ಆದಾಯ ತೆರಿಗೆ ರಿಟರ್ನ್ಸ್ ತೋರಿಸಿ 'ನೋಡಿ ಸ್ವಾಮಿ, ವರ್ಷಕ್ಕೆ ಇಷ್ಟೇ' ಅಂತಾರೆ. 1962ರ ಆದಾಯ ತೆರಿಗೆ ನಿಯಮಗಳ 7-ಬಿ ಪ್ರಕಾರ ಬೆಳೆಗಾರ ತಾನೇ ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಕಾಳು ಹದ ಮಾಡೋದು) ಮಾಡಿಸಿ ಮಾರಿದರೆ ಲಾಭದ 25%ಕ್ಕೆ ಮಾತ್ರ ತೆರಿಗೆ, ಉಳಿದ 75% ಕೃಷಿ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ತೆರಿಗೆಯ ಪಾಲು 40%. ಕ್ಯೂರಿಂಗ್ ಮಾಡಿಸದೆ ಹಸಿಯಾಗಿಯೋ ಒಣ ಚೆರಿಯಾಗಿಯೋ ಮಾರಿದ್ದಕ್ಕೆ ಕೇಂದ್ರದ ತೆರಿಗೆಯೇ ಇಲ್ಲ. ಅಂದರೆ ಕ್ಯೂರಿಂಗ್ ಮಾಡಿಸಿ ಮಾರುವವರ ರಿಟರ್ನ್ಸಿನಲ್ಲಿ ತೆರಿಗೆಗೆ ಒಳಪಟ್ಟ ಕಾಫಿ ಆದಾಯ 3 ಲಕ್ಷ ಅಂತ ಕಂಡರೆ ಹಿಂದಿರುವ ಲಾಭ 12 ಲಕ್ಷ. ಒಂದು ಪುಟ ನೋಡಿ ಬಡವ ಅಂತ ತೀರ್ಮಾನ ಮಾಡಬೇಡಿ, ಕೃಷಿ ಆದಾಯದ ಕಾಲಂ ಇರುವ ಪುಟವನ್ನೂ ತರಿಸಿ.

ರಿಟರ್ನ್ಸೇ ಇಲ್ಲದಿದ್ದರೆ ಹುಡುಕಬೇಕಾದ್ದು ಪಹಣಿಯ 9ನೇ ಕಾಲಂ, ಅಂದರೆ ಹೆಸರು. ಆಮೇಲೆ 11ನೇ ಕಾಲಂ, ಅಂದರೆ ಸಾಲ. ಬ್ಯಾಂಕಿನ ಸಾಲ ಕಂಡರೆ ಅದೇ ಚಿನ್ನದ ಗಣಿ. ಬೆಳೆ ಸಾಲಕ್ಕೋ ತೋಟದ ಅಭಿವೃದ್ಧಿ ಸಾಲಕ್ಕೋ ಅರ್ಜಿ ಕೊಡುವಾಗ ಇಳುವರಿ, ಆದಾಯ ಎಷ್ಟು ಅಂತ ತಾನೇ ಬರೆದು ಸಹಿ ಹಾಕಿರ್ತಾನೆ. ಬ್ಯಾಂಕಿನವರು ನೇರವಾಗಿ ಕೇಳಿದರೆ ಕೊಡಲ್ಲ, ಕೋರ್ಟಿನ ಮೂಲಕ ದಾಖಲೆ ತರಿಸುವ ಅರ್ಜಿ ಹಾಕಬೇಕು. ಕ್ಯೂರಿಂಗ್ ವರ್ಕ್ಸಿನ ಔಟ್‌ಟರ್ನ್ ಚೀಟಿ (ಕೊಟ್ಟ ಕಾಫಿಗೆ ಎಷ್ಟು ಕಾಳು ಬಂತು ಅನ್ನೋ ಲೆಕ್ಕ), ವ್ಯಾಪಾರಿಯ ತೂಕದ ಚೀಟಿ, ಮೆಣಸು ಮಾರಿದ ಲೆಕ್ಕ ಕೂಡ ಇದೇ ದಾರಿ. ಮೆಣಸನ್ನು ಎಲ್ಲರೂ ಮರೀತಾರೆ. ಸಿಲ್ವರ್ ಮರವನ್ನೂ.

ತೆಂಗಿನ ಸೀಮೆ

ಗಲಾಟೆ ಶುರುವಾದ ಕೂಡಲೇ ತೋಟ ತಮ್ಮನ ಹೆಸರಿಗೆ ದಾನಪತ್ರ ಆಗಿಬಿಡುತ್ತಲ್ಲ, ಅದಕ್ಕೇನು?

ಪಹಣಿ ಪುಟ

ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಸಿ, ಮ್ಯುಟೇಶನ್ ಇತಿಹಾಸ ನೋಡಿ. ಜಗಳದ ತಾರೀಖಿನ ನಂತರದ ವರ್ಗಾವಣೆಗಳು ಅಲ್ಲೇ ಕಾಣುತ್ತವೆ. ಆಸ್ತಿ ವರ್ಗಾವಣೆ ಕಾಯ್ದೆಯ 39ನೇ ಕಲಂ ಪ್ರಕಾರ, ಆಸ್ತಿಯ ಹುಟ್ಟುವಳಿಯಿಂದ ಜೀವನಾಂಶ ಪಡೆಯುವ ಹಕ್ಕಿದ್ದವರು ಪುಕ್ಕಟೆಯಾಗಿ ಪಡೆದವನ ಮೇಲೂ, ವಿಷಯ ಗೊತ್ತಿದ್ದೇ ಕೊಂಡವನ ಮೇಲೂ ಆ ಹಕ್ಕು ಚಲಾಯಿಸಬಹುದು. ಇದಕ್ಕಿಂತ ಒಳ್ಳೇದು ಮೊದಲೇ ಕಟ್ಟಿಹಾಕೋದು. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಶಾಶ್ವತ ಜೀವನಾಂಶಕ್ಕೆ ಸ್ಥಿರಾಸ್ತಿಯ ಮೇಲೆ ಹೊರೆ ಕೂರಿಸಿ ಅಂತ ಅರ್ಜಿಯಲ್ಲೇ ಕೇಳಬಹುದು. ಆದೇಶ ಸಿಕ್ಕಿದ ಮೇಲೆ ಅದು ಪಹಣಿಯ 11ನೇ ಕಾಲಮಿಗೆ ಏರುವವರೆಗೂ ತಾಲ್ಲೂಕು ಕಚೇರಿ ಬಿಡಬೇಡಿ. ಕಾಗದದಲ್ಲಿ ಮಾತ್ರ ಇರುವ ಹೊರೆಯನ್ನು ಕೊಳ್ಳುವವನು ಯಾಕೆ ನೋಡ್ತಾನೆ?

ಇನ್ನೊಂದು ಎಚ್ಚರ. ಜಮೀನು ಮಾವನ ಹೆಸರಲ್ಲಿ ಇದ್ದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯಾಗಿದ್ದರೆ ಗಂಡ ತನ್ನ ವಿಭಾಗವಾಗದ ಪಾಲನ್ನು ದಾನ ಮಾಡಲು ಬರಲ್ಲ, ಉಳಿದ ಪಾಲುದಾರರ ಒಪ್ಪಿಗೆ ಬೇಕು. ರಾಜಿಯಲ್ಲಿ '2 ಎಕರೆ ಕೊಡ್ತೇನೆ' ಅಂದದ್ದು ಅಲ್ಲಿಗೇ ನಿಂತುಬಿಡುತ್ತೆ.

ಕಾಫಿಹೂವು

ಎಷ್ಟು ಸಿಗುತ್ತೆ ಅಂತ ಒಂದು ಅಂದಾಜು ಇಲ್ವಾ? 25% ಅಂತ ಕೇಳಿದ್ದೆ.

ದಾಖಲೆ ಪೆಟ್ಟಿಗೆ

2017ರ ಕಲ್ಯಾಣ್ ಡೇ ಚೌಧುರಿ ತೀರ್ಪಿನಲ್ಲಿ ಗಂಡನ ನಿವ್ವಳ ಸಂಬಳದ 25% ನ್ಯಾಯ ಅಂತ ಬಂದಿದೆ. ಅದು ಅಳತೆಗೋಲು, ಕಾನೂನಿನ ಕಟ್ಟಳೆ ಅಲ್ಲ. ಹೆಂಡತಿ ದುಡಿಯುತ್ತಿದ್ದರೆ, ಮಗು ಅವಳ ಹತ್ತಿರ ಇದ್ದರೆ, ಗಂಡನ ತಂದೆತಾಯಿ ಅವನ ಮೇಲೇ ಇದ್ದರೆ ಲೆಕ್ಕ ಆ ಕಡೆ ಈ ಕಡೆ ಆಗುತ್ತೆ.

ಯಾವ ದಾರಿ ಅಂತಲೂ ಯೋಚಿಸಿ. ಕೇಸ್ ನಡೆಯುವಾಗ ಮಧ್ಯಂತರಕ್ಕೆ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ. ನೋಟಿಸ್ ಜಾರಿಯಾಗಿ 60 ದಿನದಲ್ಲಿ ತೀರ್ಮಾನ ಆಗಲಿ ಅಂತ ಅದರಲ್ಲೇ ಇದೆ, ಆದರೆ ಪ್ರಮಾಣಪತ್ರ ಹಾಕದೆ ಎಳೆಯುವವರಿಂದ ಅದು ಮೀರುತ್ತೆ. ಬೇರೆ ದಾರಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144. ಮನೆಯೊಳಗೆ ಹಿಂಸೆ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ವಾಸದ ಹಕ್ಕು, ಹಣ, ಮಗುವಿನ ತಾತ್ಕಾಲಿಕ ಕಸ್ಟಡಿ ಮೂರನ್ನೂ ಅಲ್ಲಿ ಒಟ್ಟಿಗೆ ಕೇಳಬಹುದು. ನಮ್ಮಲ್ಲಿ ಸಂರಕ್ಷಣಾಧಿಕಾರಿ ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರ ಕಚೇರಿ ತಾಲ್ಲೂಕಿನಲ್ಲೇ ಸಿಗುತ್ತೆ. ಮೂರೂ ಕಡೆ ಹಾಕಬಹುದು, ಆದರೆ ಒಂದು ಕಡೆ ಸಿಕ್ಕಿದ್ದನ್ನು ಇನ್ನೊಂದು ಕಡೆ ಮುಚ್ಚಿಡುವಂತಿಲ್ಲ. ಮೊತ್ತ ಹೊಂದಾಣಿಕೆ ಆಗುತ್ತೆ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ, ಇದೂ ರಜನೀಶ್ ತೀರ್ಪಿನದ್ದೇ.

ಬಾಕಿ ವಸೂಲಿಯ ಗಡುವನ್ನು ಗೋಡೆ ಮೇಲೆ ಬರೆದಿಡಿ: 144ರಡಿ ಬಾಕಿಗೆ ವಾರಂಟು ಕೇಳೋದು ಆ ಹಣ ಬರಬೇಕಾದ ದಿನದಿಂದ 1 ವರ್ಷದೊಳಗೆ. 'ಕೊಯ್ಲು ಮುಗೀಲಿ ಕೊಡ್ತೀನಿ' ಅಂದದ್ದನ್ನು ನಂಬಿ ಎರಡು ಕೊಯ್ಲು ಕಾದರೆ ಮೊದಲ ವರ್ಷದ ಹಣಕ್ಕೆ ಆ ದಾರಿ ಮುಚ್ಚಿರುತ್ತೆ.

ಹೇಮಾವತಿ ದಂಡೆ

ಗಂಡ 9ನೇ ಕಲಮಿನಡಿ 'ಕೂಡಿ ಬಾಳಲು ಬರಲಿ' ಅಂತ ಡಿಕ್ರಿ ತಂದಿದ್ದಾನೆ, ಹೆಂಡತಿ ಹೋಗಿಲ್ಲ. ಜೀವನಾಂಶ ನಿಂತು ಹೋಗುತ್ತಾ?

ಕಟಕಟೆ

ತಾನಾಗಿ ನಿಲ್ಲಲ್ಲ. 2025ರ ಜನವರಿಯಲ್ಲಿ ರೀನಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಹೋಗದಿರಲು ಸಕಾರಣ ಇತ್ತಾ ಅನ್ನೋದು ಬೇರೆಯಾಗಿ ನೋಡಬೇಕಾದ ವಿಷಯ. ಆದರೆ ಆ ಡಿಕ್ರಿ ಬಂದು 1 ವರ್ಷವಾದರೂ ಒಂದಾಗದಿದ್ದರೆ 13(1-ಎ) ಪ್ರಕಾರ ಅದೇ ವಿಚ್ಛೇದನಕ್ಕೆ ಆಧಾರ ಆಗುತ್ತೆ. ಬಹಳ ಜನ 9ನೇ ಕಲಂ ಹಾಕೋದು ಹೆಂಡತಿ ಬರಲಿ ಅಂತಲ್ಲ, ಈ ಬಾಗಿಲು ತೆರೆಯಲಿ ಅಂತ.

ತುಂಗೆಯ ನೀರು

ಮಗುವಿನ ವಿಷಯ ಇನ್ನೂ ಬರಲೇ ಇಲ್ಲ. ಎಲ್ಲರೂ ಮೊದಲು ಕೇಳೋದು 'ಐದು ವರ್ಷದವರೆಗೆ ತಾಯಿ, ಆಮೇಲೆ ತಂದೆ' ಅಂತ. ಇದು ಅರ್ಧ ಸತ್ಯ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ 5 ತುಂಬದ ಮಗು 'ಸಾಮಾನ್ಯವಾಗಿ' ತಾಯಿಯ ಹತ್ತಿರ ಅನ್ನುತ್ತೆ. 5 ತುಂಬಿದ ಮರುದಿನ ತಂದೆಗೆ ಅಂತ ಎಲ್ಲೂ ಇಲ್ಲ. ಅದೇ ಕಾಯ್ದೆಯ 13ನೇ ಕಲಂ ಪ್ರಕಾರ ಮಗುವಿನ ಹಿತವೇ ಮೇಲು. ಪೋಷಕತ್ವದಲ್ಲೂ 1999ರ ಗೀತಾ ಹರಿಹರನ್ ತೀರ್ಪಿನ ನಂತರ 'ತಂದೆಯ ನಂತರ ತಾಯಿ' ಅಂದರೆ 'ತಂದೆ ಸತ್ತ ನಂತರ' ಅಂತ ಓದುವಂತಿಲ್ಲ.

ಎಲ್ಲಿ ಅರ್ಜಿ ಅನ್ನೋದು ಇಲ್ಲಿ ಬೇರೆ. ಎಂ.ಸಿ. ನಡೆಯುತ್ತಿದ್ದರೆ ಅದರಲ್ಲೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಐ.ಎ. ಹಾಕಬಹುದು. ಇಲ್ಲದಿದ್ದರೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ, ಜಿ ಅಂಡ್ ಡಬ್ಲ್ಯು ಅಂತ ನಂಬರ್ ಬೀಳುತ್ತೆ. ಇದಕ್ಕೆ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟೇ ಆಗಬೇಕು, ಅಪ್ಪ ಅಮ್ಮನ ಅನುಕೂಲದ ಊರಲ್ಲ. ಶಾಲೆ ಬಿಡುವ ಹೊತ್ತಿಗೆ ಕಾದು ಮಗುವನ್ನು ಎತ್ತಿಕೊಂಡು ಬಂದು ಮರುವಾರ ಇಲ್ಲಿಯ ವಿಳಾಸ ತೋರಿಸಿದರೆ ಕೋರ್ಟು ಅದನ್ನು 'ಸಾಮಾನ್ಯ ವಾಸ' ಅಂತ ಸುಲಭಕ್ಕೆ ಒಪ್ಪಲ್ಲ. ಮೇಲಾಗಿ ಆ ನಡವಳಿಕೆ ಇಡೀ ಕೇಸಿನ ಉದ್ದಕ್ಕೂ ಬೆನ್ನು ಬಿಡಲ್ಲ.

ಕೋರ್ಟು ನೋಡೋದು ಮಗುವಿನ ದಿನಚರಿ ಯಾರ ಕೈಲಿದೆ ಅಂತ. ತಾಯಿ ಕಾರ್ಡಿನಲ್ಲಿ ಲಸಿಕೆಗೆ ಕರೆದೊಯ್ದವರು ಯಾರು, ಪೋಷಕರ ಸಭೆಯ ಸಹಿ ಯಾರದ್ದು, ಫೀಸು ಯಾರ ಖಾತೆಯಿಂದ, ಜ್ವರ ಬಂದಾಗ ರಜಾ ಚೀಟಿ ಬರೆದವರು ಯಾರು. ಇವೇ ದಾಖಲೆ. ಎಕರೆಗಟ್ಟಲೆ ತೋಟ ಇದೆ ಅನ್ನೋದು ಅಷ್ಟು ತೂಗಲ್ಲ. ದುಡ್ಡಿದ್ದವರು ಜೀವನಾಂಶ ಕೊಡಲಿ ಅನ್ನೋದೇ ಅದಕ್ಕೆ ಉತ್ತರ.

ನ್ಯಾಯಾಧೀಶರು ಮಗುವನ್ನು ಕೋಣೆಗೆ ಕರೆದು ಮಾತಾಡಿಸ್ತಾರೆ. ಇಂಥ ವಯಸ್ಸು ಅಂತಿಲ್ಲ, ತಿಳಿದು ಹೇಳುವಷ್ಟು ಬುದ್ಧಿ ಬಂದಿದ್ದರೆ ಅದರ ಇಷ್ಟವನ್ನು ಪರಿಗಣಿಸಬಹುದು ಅಂತ 1890ರ ಕಾಯ್ದೆಯ 17(3)ರಲ್ಲಿದೆ. ಪಾಠ ಹೇಳಿಕೊಟ್ಟ ಮಗು ದೊಡ್ಡವರ ಮಾತನ್ನು ಆಡುತ್ತೆ. ಆರು ವರ್ಷದ ಮಗು 'ಜೀವನಾಂಶ' ಅಂದರೆ ಯಾರಿಗೆ ಗೊತ್ತಾಗಲ್ಲ?

ಮಲ್ನಾಡ್ ಮಳೆ

ಭೇಟಿಯ ವೇಳಾಪಟ್ಟಿ ಬರೆಯುವಾಗ ನಮ್ಮ ಕಡೆಯ ಹವಾಮಾನ ಮರೀಬೇಡಿ. 'ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ' ಅಂತ ಬೆಂಗಳೂರಿನ ನಮೂನೆ ನಕಲು ಮಾಡ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಚಾರ್ಮಾಡಿ ಕುಸಿಯುತ್ತೆ, ಶಿರಾಡಿ ಬಂದ್ ಆಗುತ್ತೆ, ಡಿ.ಸಿ. ಶಾಲೆಗೆ ರಜೆ ಕೊಡ್ತಾರೆ. ಮಂಗಳೂರಿಂದ ಮೂಡಿಗೆರೆಗೆ ಬರಬೇಕಾದ ಅಪ್ಪ ಬರಲ್ಲ, ಆಮೇಲೆ 'ಬೇಕೆಂದೇ ಬರಲಿಲ್ಲ', 'ಬೇಕೆಂದೇ ಕಳಿಸಲಿಲ್ಲ' ಅಂತ ಎರಡು ಮೆಮೊ. ಒಂದು ಸಾಲು ಸೇರಿಸಿ: ಮಳೆ, ರಸ್ತೆ ಬಂದ್, ಮಗುವಿನ ಅನಾರೋಗ್ಯದಿಂದ ತಪ್ಪಿದ ಭೇಟಿ ಮುಂದಿನ ವಾರ ಅದೇ ದಿನ ಅದೇ ಹೊತ್ತಿಗೆ.

ಕಾಫಿ ಕೊಯ್ಲೂ ಹಾಗೇ. ಅರೇಬಿಕಾ ಇರುವ ಅಪ್ಪನಿಗೆ ಡಿಸೆಂಬರ್, ಜನವರಿಯಲ್ಲಿ ತಲೆ ಕೆರೆಯಲು ಪುರುಸೊತ್ತಿರಲ್ಲ. ಆ ಎರಡು ತಿಂಗಳ ಪಾಲನ್ನು ಏಪ್ರಿಲ್-ಮೇ ರಜೆಗೆ ಸೇರಿಸಿಕೊಂಡರೆ ಮಗುವಿಗೂ ಒಳ್ಳೇದು.

ತುಂಗೆಯ ನೀರು

ಸರಿಯಾಗಿ ಹೇಳಿದಿರಿ. ಇನ್ನು ಆ ಪಟ್ಟಿಯಲ್ಲಿ ಇರಲೇಬೇಕಾದ್ದು: ಎಲ್ಲಿ ಒಪ್ಪಿಸೋದು (ಮನೆ ಬಾಗಿಲಲ್ಲಿ ಬೇಡ, ಎರಡೂ ಕಡೆಯವರು ನಿಂತು ಜಗಳ ಆಗುತ್ತೆ, ಶಾಲೆ ಗೇಟು, ಗ್ರಂಥಾಲಯ, ಬೇಕಾದರೆ ಕೋರ್ಟು ಆವರಣ), ಯಾರು ಕರೆತರಬಹುದು, ಎಷ್ಟು ನಿಮಿಷ ತಡವಾದರೆ ಭೇಟಿ ರದ್ದು, ದಸರಾ ಮತ್ತು ಬೇಸಿಗೆ ರಜೆಯ ಹಂಚಿಕೆ, ಹುಟ್ಟುಹಬ್ಬ, ಗೌರಿ-ಗಣೇಶ. ವರ್ಷ ಬಿಟ್ಟು ವರ್ಷ ಅಂತ ಬರೆಯುವಾಗ ಸಮ ವರ್ಷ ಯಾರಿಗೆ, ಬೆಸ ವರ್ಷ ಯಾರಿಗೆ ಅಂತ ಅಂಕಿಯಲ್ಲೇ ಬರೆಯಿರಿ.

ಕೈಯಲ್ಲಿ ಮಗು ಇಲ್ಲದವರಿಗೂ ವಿಡಿಯೊ ಕರೆಯ ಮೂಲಕ ಮಾತಾಡುವ ಅವಕಾಶ ಇರಬೇಕು ಅಂತ 2020ರ ಯಶಿತಾ ಸಾಹು ತೀರ್ಪಿನಲ್ಲಿದೆ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ 'ಪ್ರತಿದಿನ ರಾತ್ರಿ 8ಕ್ಕೆ' ಅನ್ನೋ ಆದೇಶ ದಿನಾ ಉಲ್ಲಂಘನೆ. ವಾರಕ್ಕೆ ಮೂರು ದಿನ, ಸಿಗ್ನಲ್ ಇರುವ ಜಾಗದಿಂದ, 20 ನಿಮಿಷ ಅಂತ ಬರೆದರೆ ನಡೆಯುತ್ತೆ.

ಮಗುವಿನ ಪಾಸ್‌ಪೋರ್ಟಿಗೆ ಮಾಮೂಲಿ ಎರಡೂ ಪೋಷಕರ ಸಹಿಯ ಅನುಬಂಧ-ಡಿ. ಒಬ್ಬರ ಒಪ್ಪಿಗೆ ಇಲ್ಲದಿದ್ದರೆ ಅನುಬಂಧ-ಸಿ. ಯಾರು ಮಾಡಿಸಬಹುದು, ಯಾರ ಹತ್ತಿರ ಇರಬೇಕು, ಹೊರದೇಶಕ್ಕೆ ಎಷ್ಟು ದಿನ ಮುಂಚೆ ತಿಳಿಸಬೇಕು ಅಂತ ಈಗಲೇ ಬರೆಯಿರಿ.

ಪಹಣಿ ಪುಟ

ರಾಜಿ ಒಪ್ಪಂದದ ಹಣದ ಭಾಗಕ್ಕೆ ಮೂರು ಮಾತು. ತಾಯಿ ತನ್ನ ಜೀವನಾಂಶ ಬಿಟ್ಟುಕೊಡಬಹುದು, ಮಗುವಿನದ್ದನ್ನು ಬಿಟ್ಟುಕೊಡಲು ಅವಳಿಗೆ ಹಕ್ಕಿಲ್ಲ. 'ಮುಂದೆ ಏನೂ ಕೇಳಲ್ಲ' ಅಂತ ಬರೆದಿದ್ದರೂ ಮಗುವಿನ ಪರವಾಗಿ ಅರ್ಜಿ ಬರುತ್ತೆ. ಮಗುವಿಗೆ 10 ಲಕ್ಷ ಠೇವಣಿ ಅಂದರೆ ದೊಡ್ಡದಾಗಿ ಕೇಳುತ್ತೆ. 7% ಬಡ್ಡಿಯಲ್ಲಿ ವರ್ಷಕ್ಕೆ 70,000, ತಿಂಗಳಿಗೆ ಹತ್ತಿರ ಹತ್ತಿರ 5,800. ಹಾಸನದ ಶಾಲಾ ವ್ಯಾನು, ಫೀಸು ಲೆಕ್ಕ ಹಾಕಿ ಸಾಕಾ ಅಂತ ನೋಡಿ. ಶಿಕ್ಷಣದ ಖರ್ಚು ಬೇರೆ, ವರ್ಷಕ್ಕೆ ಇಷ್ಟು ಏರಿಕೆ ಅಂತ ಬೇರೆ ಬರೆಸಿ.

ಎರಡನೆಯದು, ಹೆಂಡತಿಗೆ ಸೈಟೋ ಜಮೀನೋ ದಾನಪತ್ರ ಮಾಡೋದಿದ್ದರೆ ಡಿಕ್ರಿಗೆ ಮುಂಚೆ ನೋಂದಣಿ ಮುಗಿಸಿ. ಕರ್ನಾಟಕ ಮುದ್ರಾಂಕ ಕಾಯ್ದೆಯಲ್ಲಿ ಪತ್ನಿ, ಮಕ್ಕಳಿಗೆ ಕೊಡುವ ದಾನಕ್ಕೆ ಕಡಿಮೆ ದರದ ನಿಗದಿತ ಶುಲ್ಕ. ಡಿಕ್ರಿ ಆದ ಮರುಕ್ಷಣ ಅವಳು ಪತ್ನಿ ಅಲ್ಲ. ಮಗುವಿನ ಹೆಸರಿಗೇ ಬರೆದರೆ ಇನ್ನೊಂದು ಗಂಟು: 18 ಆಗುವ ಮುಂಚೆ ಮಾರಬೇಕಾದರೆ 1956ರ ಪೋಷಕತ್ವ ಕಾಯ್ದೆಯ 8ನೇ ಕಲಮಿನಡಿ ಕೋರ್ಟಿನ ಅನುಮತಿ ಬೇಕು.

ಮೂರನೆಯದು ಕಂತು. 498-ಎ (ಹೆಂಡತಿಗೆ ಕಿರುಕುಳದ ಕ್ರಿಮಿನಲ್ ಕೇಸು), ಅಂದರೆ ಈಗಿನ ನ್ಯಾಯ ಸಂಹಿತೆಯ 85, ಬಾಕಿ ಇದ್ದರೆ ಅದನ್ನು ಕೆಳ ಕೋರ್ಟಿನಲ್ಲಿ ಸುಮ್ಮನೆ ರಾಜಿ ಮಾಡಿಕೊಳ್ಳಲು ಬರಲ್ಲ, ಹೈಕೋರ್ಟಿನಲ್ಲಿ ರದ್ದು ಮಾಡಿಸಬೇಕು. ಹಾಗಾಗಿ ಮೊದಲ ಹಂತಕ್ಕೆ ಒಂದು ಕಂತು, ಎರಡನೇ ಹಂತಕ್ಕೆ ಒಂದು, ರದ್ದತಿಯ ದಿನ ಕೊನೆಯದು ಅಂತ ಡಿ.ಡಿ. ಮೂಲಕ ಇಟ್ಟರೆ ಎರಡೂ ಕಡೆಗೆ ಧೈರ್ಯ. ಪೂರ್ತಿ ಹಣ ಮೊದಲೇ ಕೊಟ್ಟವರು, ಹಣ ಸಿಗುವ ಮುಂಚೆ ಎಲ್ಲ ಕೇಸು ಹಿಂತೆಗೆದವರು, ಇಬ್ಬರೂ ಒಂದೇ ಹಳ್ಳಕ್ಕೆ ಬೀಳ್ತಾರೆ.

ಎಸ್ಟೇಟ್ ಗೇಟು

ಕ್ರೈಸ್ತ ದಂಪತಿಗಳಿಗೆ ಒಪ್ಪಿಗೆಯ ವಿಚ್ಛೇದನಕ್ಕೆ 2 ವರ್ಷ ಬೇರೆ ಇರಬೇಕು ಅಂತಾರಲ್ಲ?

ದಾಖಲೆ ಪೆಟ್ಟಿಗೆ

1869ರ ವಿಚ್ಛೇದನ ಕಾಯ್ದೆಯ 10-ಎ ಕಲಮಿನಲ್ಲಿ ಅಚ್ಚಾಗಿರೋದು 2 ವರ್ಷ. ನಮ್ಮ ಹೈಕೋರ್ಟ್ 2014ರಲ್ಲಿ ಶಿವಕುಮಾರ್ ಪ್ರಕರಣದಲ್ಲಿ ಅದನ್ನು 1 ವರ್ಷ ಅಂತ ಓದಬೇಕು ಅಂದಿದೆ. ಅರ್ಜಿಯಲ್ಲೇ ಆ ತೀರ್ಪು ಉಲ್ಲೇಖಿಸಿ, ಇಲ್ಲದಿದ್ದರೆ ಕೌಂಟರಿನಲ್ಲೇ ವಾಪಸ್ ಬರಬಹುದು. ಚರ್ಚ್‌ನಿಂದ ಸಿಗುವ ವಿವಾಹ ರದ್ದತಿ ಧಾರ್ಮಿಕ ವಿಷಯ, ಅದು ಡಿಕ್ರಿಯ ಬದಲಿಗೆ ಬರಲ್ಲ.

ಎಸ್ಟೇಟ್ ಗೇಟು

ನೋಟಿಸ್ ತಗೊಳ್ಳದೇ ತಪ್ಪಿಸಿಕೊಂಡರೆ ಕೇಸು ನಿಲ್ಲುತ್ತೆ ಅಂತ ಇಲ್ಲಿ ಬಹಳ ಜನರ ನಂಬಿಕೆ.

ಕಟಕಟೆ

ನಿಲ್ಲಲ್ಲ, ಏಕಪಕ್ಷೀಯ ಆಗುತ್ತೆ. ನೋಟಿಸ್ ತರುವ ಕೋರ್ಟಿನ ಅಮೀನ ಬಂದಾಗ ಬಾಗಿಲು ಹಾಕಿಕೊಂಡರೆ ಬಾಗಿಲಿಗೇ ಅಂಟಿಸ್ತಾರೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಡ್ತಾರೆ, ಮುಂದೆ ಡಿಕ್ರಿ. ಅದನ್ನು ತೆಗೆಸಲು 30 ದಿನ ಮಾತ್ರ. ಅರ್ಜಿದಾರರ ತಪ್ಪೂ ಇದೆ: 'ಇಂಥ ಎಸ್ಟೇಟ್, ಸಕಲೇಶಪುರ' ಅಂತ ವಿಳಾಸ ಬರೆದರೆ ಅಂಚೆಯವನು ಯಾವ ಗುಡ್ಡ ಹತ್ತಬೇಕು? ಗ್ರಾಮ, ಅಂಚೆ, ಹೋಬಳಿ, ಪಿನ್‌ಕೋಡ್, ಹತ್ತಿರದ ಬಸ್ ನಿಲ್ದಾಣ ಇರಲಿ.

ವಕೀಲರ ಫೀಸು ಹೊರೆ ಅನ್ನಿಸಿದರೆ ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ತಾಲ್ಲೂಕಿನಲ್ಲಾದರೆ ಸಮಿತಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗ್ತಾರೆ. ದೂರವಾಣಿ 15100.

ಕಾಫಿಹೂವು

ಕೊನೆಯದಾಗಿ, ಡಿಕ್ರಿ ಬಂದ ಎಷ್ಟು ದಿನಕ್ಕೆ ಮರುಮದುವೆ?

ಕಟಕಟೆ

ಮೇಲ್ಮನವಿಯ ಅವಧಿಗೆ ಕುಟುಂಬ ನ್ಯಾಯಾಲಯ ಕಾಯ್ದೆ 30 ದಿನ ಅನ್ನುತ್ತೆ, ಹಿಂದೂ ವಿವಾಹ ಕಾಯ್ದೆ 90 ದಿನ. ಮೇಲ್ಮನವಿ ಹಾಕುವವರು 30ನ್ನೇ ನಂಬಿ, ಮದುವೆ ಆಗುವವರು 90ನ್ನೇ ನಂಬಿ. ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ, ಕುಟುಂಬ ನ್ಯಾಯಾಲಯ ಕಾಯ್ದೆಯ 19(2). ಮಧ್ಯಂತರ ಆದೇಶದ ಮೇಲೂ ಇಲ್ಲ, ಅದಕ್ಕೆ ಹೈಕೋರ್ಟಿಗೆ ರಿಟ್. ಎರಡೂ ಜಿಲ್ಲೆಯವರಿಗೆ ಹೈಕೋರ್ಟ್ ಅಂದರೆ ಬೆಂಗಳೂರೇ, ಧಾರವಾಡ ಅಲ್ಲ.

ಕಾಯುವ ದಿನಗಳಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಎರಡು ಮೂರು ಪ್ರತಿ ತಗೊಳ್ಳಿ. ಪಾಸ್‌ಪೋರ್ಟು, ಪಿ.ಎಫ್. ನಾಮನಿರ್ದೇಶನ, ವಿಮೆ, ರೇಷನ್ ಕಾರ್ಡು, ಮಗುವಿನ ಶಾಲೆಯ ಕಡತ, ಎಲ್ಲ ಕಡೆ ಅದನ್ನೇ ಕೇಳ್ತಾರೆ. ಶಾಲೆಗೆ ಪೂರ್ತಿ ತೀರ್ಪು ಕೊಡಬೇಡಿ, ಕಸ್ಟಡಿ ಇರುವ ಆದೇಶದ ಭಾಗ ಸಾಕು.